ಅರಳುವ ಸುಣ್ಣ, ಆರುವ ಸುಣ್ಣ

ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿದ್ದಂತೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮನೆಗಳಲ್ಲಿ ಒಂದು ಮಾತು ವರ್ಷಾ ವರ್ಷಾ ಕೇಳಿಬರುತ್ತದೆ: "ಕೂಡಿ ಓದ್ತೀನಂತ ಹೋಗ್ತಾನ, ಕೂಡಿ ಹರಟಿ ಹೊಡದು ಬರ್ತಾನ." ಹೇಳುವವಳು ತಾಯಿ. ಕೇಳಿಸಿಕೊಳ್ಳುವವನು ಎಸ್ಸೆಸ್ಸೆಲ್ಸಿ ಹುಡುಗ, ಕಂಕುಳಲ್ಲಿ ವಿಜ್ಞಾನದ ಪುಸ್ತಕ, ಒಂದು ಕಾಲು ಆಗಲೇ ಹೊಸ್ತಿಲ ಆಚೆ. ತಾಯಿಯ ಲೆಕ್ಕದಲ್ಲಿ ಓದು ಎಂದರೆ ನಸುಕಿನ ನಾಲ್ಕು ಗಂಟೆ, ಒಂದು ಮೂಲೆ, ಒಂದು ದೀಪ, ಒಬ್ಬನೇ ಹುಡುಗ. ನಾಲ್ಕು ಮಂದಿ ಸೇರಿದರೆ ಅದು ಓದಲ್ಲ, ಸಂತೆ.

ಶಾಲೆಯ ಕಡೆಯ ಅಭಿಪ್ರಾಯ ಮೇಲುನೋಟಕ್ಕೆ ಇದಕ್ಕೆ ತದ್ವಿರುದ್ಧ. ಅಲ್ಲಿ ಗುಂಪು ಅಧ್ಯಯನಕ್ಕೆ ದೊಡ್ಡ ಮರ್ಯಾದೆ ಇದೆ. ಓಣಿಗೊಂದು ಗುಂಪು, ಗುಂಪಿಗೊಬ್ಬ ಜಾಣ ಲೀಡರ್, ಕೈಯಲ್ಲಿ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಪಾಸಿಂಗ್ ಪ್ಯಾಕೇಜ್, ಸಂಜೆ ಏಳರಿಂದ ಒಂಬತ್ತು. ಲೀಡರ್ ಒಂದು ಸಾಲು ಓದಬೇಕು, ಉಳಿದವರು ಒಕ್ಕೊರಲಿನಿಂದ ಅದನ್ನು ಹೇಳಬೇಕು. ಮೇಷ್ಟ್ರು ಗಾಡಿ ನಿಲ್ಲಿಸಿ ಇಣುಕಿ ನೋಡಿದಾಗ ಒಂದೇ ದನಿ ಕೇಳಿದರೆ ಗುಂಪು ಚೆನ್ನಾಗಿ ನಡೆದಿದೆ, ನಾಲ್ಕು ದನಿ ಕೇಳಿದರೆ ಕೆಟ್ಟಿದೆ.

ಈ ಎರಡೂ ಅಭಿಪ್ರಾಯಗಳು ಜಗಳವಾಡುತ್ತಿರುವಂತೆ ಕಂಡರೂ ಒಳಗೊಳಗೆ ಒಂದೇ. ಮಕ್ಕಳ ಮಾತು ಓದಿನ ಶತ್ರು ಎಂಬುದನ್ನು ತಾಯಿಯೂ ಒಪ್ಪಿದ್ದಾಳೆ, ಮೇಷ್ಟ್ರೂ ಒಪ್ಪಿದ್ದಾರೆ. ಒಬ್ಬಳು ಗುಂಪನ್ನೇ ತಡೆದು ಮಾತು ನಿಲ್ಲಿಸುತ್ತಾಳೆ, ಇನ್ನೊಬ್ಬರು ಗುಂಪನ್ನು ಕೂಡಿಸಿ ಮಾತು ನಿಲ್ಲಿಸುತ್ತಾರೆ. ನನ್ನ ತಕರಾರು ಇಬ್ಬರೊಡನೆಯೂ ಇದೆ. ಅದರಲ್ಲೂ ರಸಾಯನಶಾಸ್ತ್ರದ ವಿಷಯದಲ್ಲಿ, ಅದರಲ್ಲೂ ಈ ಐದು ಊರುಗಳಲ್ಲಿ, ಹಿರಿಯರು ಹರಟೆ ಎಂದು ಬೈಯುವುದೇ ಗುಂಪಿನ ಓದಿನ ತಿರುಳು. ಹಿರಿಯರು ಹೊಗಳುವ ಒಕ್ಕೊರಲ ಪಠಣವೋ, ಒಬ್ಬನೇ ಮಾಡಬೇಕಾದ ಕೆಲಸವನ್ನು ನಾಲ್ವರು ಕೂಡಿ ಕೆಡಿಸುವ ಬಗೆ.

ಮೊದಲು ಅಂಕಿಗಳ ಮಾತು ಮುಗಿಸಿಬಿಡೋಣ, ಏಕೆಂದರೆ ಈ ಚರ್ಚೆ ಎಲ್ಲಿ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತದೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಎಲ್ಲರಿಗಿಂತ ಕೊನೆ. "ಕಾಪಿ ನಿಂತಿತು, ಬಣ್ಣ ಬಯಲಾಯಿತು" ಎಂದರು ಜನ. ಅರ್ಧ ನಿಜ. ಆದರೆ ಅದರಿಂದ ಹೊರಟ ಚಿಕಿತ್ಸೆ ನೋಡಿ: ಇನ್ನಷ್ಟು ಶಿಸ್ತು, ಇನ್ನಷ್ಟು ಬಾಯಿಪಾಠ, ಇನ್ನಷ್ಟು ತೆಳ್ಳಗಿನ ಪ್ಯಾಕೇಜು. ಕಾಪಿ ಎಂದರೇನು? ಪ್ರಶ್ನೆಯನ್ನು ಮುಟ್ಟದೆ ಉತ್ತರವನ್ನು ಮಾತ್ರ ಒಬ್ಬರಿಂದೊಬ್ಬರಿಗೆ ದಾಟಿಸುವುದು. ಗುಂಪಿನಲ್ಲಿ ಕೂತು ಪ್ಯಾಕೇಜಿನ ಉತ್ತರಗಳನ್ನು ಒಕ್ಕೊರಲಿನಿಂದ ಒಪ್ಪಿಸುವಾಗ ಆಗುವುದೂ ಅದೇ. ಒಂದು ಪರೀಕ್ಷೆಯ ದಿನ ನಡೆಯುತ್ತದೆ, ಇನ್ನೊಂದು ಹಿಂದಿನ ದಿನ. ಕ್ಯಾಮೆರಾ ಒಂದನ್ನು ಹಿಡಿಯಿತು, ಇನ್ನೊಂದಕ್ಕೆ ಶಹಬ್ಬಾಸ್ ಸಿಗುತ್ತಲೇ ಇದೆ.

ಈಗ ಸುಣ್ಣಕ್ಕೆ ಬರೋಣ. ಹತ್ತನೆಯ ತರಗತಿಯ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಅದರಲ್ಲಿ ಸಂಯೋಗ ಕ್ರಿಯೆಗೆ ಕೊಟ್ಟ ಉದಾಹರಣೆ: ಸುಟ್ಟಸುಣ್ಣಕ್ಕೆ ನೀರು ಬಿದ್ದರೆ ಅದು ಕುದಿದು, ಬಿಸಿಯಾಗಿ, ಅರಳಿದ ಸುಣ್ಣವಾಗುತ್ತದೆ. ವಿಭಜನ ಕ್ರಿಯೆಗೆ ಕೊಟ್ಟ ಉದಾಹರಣೆ: ಸುಣ್ಣದ ಕಲ್ಲನ್ನು ಕಾಸಿದರೆ ಸುಟ್ಟಸುಣ್ಣವೂ ಕಾರ್ಬನ್ ಡೈಆಕ್ಸೈಡೂ ಸಿಗುತ್ತವೆ, ಸುಟ್ಟಸುಣ್ಣದ ಒಂದು ಉಪಯೋಗ ಸಿಮೆಂಟ್ ತಯಾರಿಕೆ. ಈ ಸಾಲುಗಳನ್ನು ದೇಶದ ಎಷ್ಟೋ ಕಡೆಯ ಮಕ್ಕಳು ಓದುತ್ತಾರೆ. ಬಹುಪಾಲು ಮಕ್ಕಳಿಗೆ ಅದು ಕಾಗದದ ಮೇಲಿನ ಸುಣ್ಣ. ವಾಡಿಯ ಹುಡುಗನಿಗೆ ಹಾಗಲ್ಲ; ಅವನ ಊರಿನಲ್ಲಿ 1968ರಿಂದ ಎಸಿಸಿ ಕಾರ್ಖಾನೆ ಕಲ್ಲು ಸುಡುತ್ತಿದೆ. ಶಹಾಬಾದಿನಲ್ಲಿ ನಿಜಾಮರ ಕಾಲಕ್ಕೇ ಸಿಮೆಂಟ್ ಬಂದಿತ್ತು. ಆ ಊರಿನ ಫರಸಿ ದಕ್ಷಿಣ ಭಾರತದ ಎಷ್ಟೋ ಮನೆಗಳ, ರೈಲು ನಿಲ್ದಾಣಗಳ ನೆಲಕ್ಕೆ ಹಾಸಿದೆ, ಅದೂ ಸುಣ್ಣದ ಕಲ್ಲೇ. ಸೇಡಮ್ಮಿನಲ್ಲಿ ವಾಸವದತ್ತಾ, ಮಳಖೇಡದ ಹತ್ತಿರ ರಾಜಶ್ರೀ (ಮಾಲೀಕರು ಬದಲಾದರೂ ಜನ ಕರೆಯುವುದು ಹಳೆಯ ಹೆಸರಿನಿಂದಲೇ), ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲಿ ಇನ್ನೊಂದು ಸಿಮೆಂಟ್ ಕಾರ್ಖಾನೆ. ಈ ನೆಲದಡಿ ಇರುವ ಸುಣ್ಣದ ಕಲ್ಲಿನ ಪದರಕ್ಕೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರೇ ಶಹಾಬಾದ್. ಪಠ್ಯಪುಸ್ತಕದ ಮೊದಲ ಪಾಠ ಹುಡುಗರ ಅಂಗಳದಲ್ಲಿ ಬಿದ್ದುಕೊಂಡಿದೆ. ಹಾಗಿದ್ದೂ ಅದೇ ಪಾಠದಲ್ಲಿ ಅವರು ನಪಾಸಾಗುತ್ತಾರೆಂದರೆ ಅದು ತಲೆಯ ದೋಷವಲ್ಲ. ಅಂಗಳಕ್ಕೂ ಪುಸ್ತಕಕ್ಕೂ ನಡುವೆ ಮಾತು ಬೀಳುತ್ತಿಲ್ಲ, ಅಷ್ಟೇ.

ಆ ಮಾತು ಎಲ್ಲಿ ಬೀಳಬೇಕು? ನಸುಕಿನ ನಾಲ್ಕಕ್ಕೆ ಒಬ್ಬನೇ ಕೂತ ಹುಡುಗ ತನ್ನೊಡನೆ ತಾನು ಜಗಳವಾಡುವುದಿಲ್ಲ. ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳ ನಡುವೆ ಎದ್ದು "ಸರ್, ಇದು ನಮ್ಮಪ್ಪ ಮಾಡೋ ಕೆಲಸ ಏನ್ರಿ?" ಎಂದು ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಉಳಿದದ್ದು ಮಾಳಿಗೆ. ಸಂಜೆ, ತಣ್ಣಗಾಗುತ್ತಿರುವ ಫರಸಿ, ನಡುವೆ ಒಂದು ತಟ್ಟೆ ಚುರುಮುರಿ. ಹೀಗೊಂದು ಮಾತು ನಡೆಯಿತೆನ್ನಿ:

"ಸಿ ಎ ಸಿ ಓ ತ್ರೀ ಕಾಸಿದ್ರ ಸಿ ಎ ಓ, ಸಿ ಓ ಟೂ."

"ಕಾಸೋದು ಎಲ್ಲಿ?"

"ಎಲ್ಲಿ ಅಂದ್ರ? ಬುಕ್ಕಿನ್ಯಾಗ."

"ಏ, ನಮ್ಮಪ್ಪ ಕಿಲ್ನ್ ಕಡೆ ಡ್ಯೂಟಿ ಮಾಡ್ತಾನಲ್ಲೋ. ಅಲ್ಲಿ ಒಳಗ ಹಾಕೋದು ಇದೇ ಕಲ್ಲು."

"ನೂರು ಕಿಲೋ ಕಲ್ಲು ಹಾಕಿದ್ರ ನೂರು ಕಿಲೋ ಸುಣ್ಣ ಬರ್ತದೇನು?"

"ಬರಬೇಕಲ್ಲ. ದ್ರವ್ಯರಾಶಿ ಸಂರಕ್ಷಣೆ ಅಂತ ಬರದದ."

"ಬರಂಗಿಲ್ಲ. ಲೆಕ್ಕ ಹಾಕು. ಕ್ಯಾಲ್ಸಿಯಂ ನಲವತ್ತು, ಕಾರ್ಬನ್ ಹನ್ನೆರಡು, ಆಕ್ಸಿಜನ್ ಹದಿನಾರು ಮೂರ್ಲೆ ನಲವತ್ತೆಂಟು. ಕೂಡಿಸಿದ್ರ ನೂರು. ಸಿ ಎ ಓ ಐವತ್ತಾರೇ ಆತು."

"ಹಂಗಾರ ಉಳದ ನಲವತ್ನಾಕು ಎಲ್ಲಿ ಹೋತು?"

"ಹೊಗಿಯಾಗಿ ಹೋತು. ಚಿಮಣ್ಯಾಗ ಕಾಣಂಗಿಲ್ಲೇನು?"

"ಕಾಣೋದು ಸಿ ಓ ಟೂ ಅಲ್ಲಲೇ. ಅದಕ್ಕ ಬಣ್ಣೇ ಇಲ್ಲ."

ಈ ಹೊತ್ತಿಗೆ ಕೆಳಗಿನಿಂದ ಯಾರೋ ಒಬ್ಬರು "ಏನು ಕಚಿಬಿಚಿ ಹಚ್ಚೀರಿ, ಓದ್ರಲೇ" ಎಂದು ಕೂಗಿರುತ್ತಾರೆ. ಆದರೆ ಇಷ್ಟು ಹರಟೆಯಲ್ಲಿ ಎಷ್ಟು ಪಾಠ ಆಯಿತು ನೋಡಿ. ವಿಭಜನ ಕ್ರಿಯೆ ಆಯಿತು. ಪರಮಾಣು ರಾಶಿಯನ್ನು ಒಂಬತ್ತನೆಯ ತರಗತಿಯಿಂದ ಎಳೆದು ತಂದದ್ದಾಯಿತು. ದ್ರವ್ಯರಾಶಿ ಸಂರಕ್ಷಣೆ ಎಂಬ ನಿಯಮ ಮೊದಲು ತಪ್ಪಾಗಿ ಬಂತು, ಅನಂತರ ಸರಿಯಾಯಿತು: ಉಳಿಯಬೇಕಾದದ್ದು ಸುಣ್ಣದ ತೂಕವಲ್ಲ, ಎಲ್ಲದರ ಒಟ್ಟು ತೂಕ. ಕಾರ್ಖಾನೆಯ ಕಲ್ಲು ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲ, ಅದರಲ್ಲಿ ಮಣ್ಣು ಮರಳಿನ ಅಂಶವೂ ಇರುತ್ತದೆ, ಹಾಗಾಗಿ ಐವತ್ತಾರರ ಲೆಕ್ಕ ಅಲ್ಲಿ ಹಾಗೇ ಕೂಡುವುದಿಲ್ಲ ಎಂಬ ಮಾತನ್ನು ಆ ಅಪ್ಪನೇ ರಾತ್ರಿ ಊಟಕ್ಕೆ ಕೂತಾಗ ಹೇಳಬಹುದು. ಪ್ಯಾಕೇಜಿನಲ್ಲಿ ಈ ಪ್ರಶ್ನೆ ಇಲ್ಲ. ಇರಬೇಕಾಗಿಯೂ ಇಲ್ಲ. ಆದರೆ ಇದನ್ನು ಒಮ್ಮೆ ಕೇಳಿಕೊಂಡ ಹುಡುಗ ಸಮೀಕರಣ ಸರಿದೂಗಿಸುವಾಗ ಅಣುಸೂತ್ರದ ಕೆಳಗಿನ ಅಂಕಿಯನ್ನು ತಿದ್ದುವ ಹಳೆಯ ತಪ್ಪನ್ನು ಸುಲಭಕ್ಕೆ ಮಾಡುವುದಿಲ್ಲ. ಎರಡೂ ಕಡೆ ತೂಗುತ್ತಿರುವುದು ಕಲ್ಲು ಎಂದು ಅವನಿಗೆ ಗೊತ್ತಿರುತ್ತದೆ. ಗೊತ್ತಿಲ್ಲದವನಿಗೆ ಅವು ಬರೀ ಇಂಗ್ಲಿಷ್ ಅಕ್ಷರಗಳು. ಕನ್ನಡ ಮಾಧ್ಯಮದ ರಸಾಯನಶಾಸ್ತ್ರದ ಒಂದು ವಿಚಿತ್ರ ಇದು: ವಾಕ್ಯ ಕನ್ನಡದ್ದು, ಸೂತ್ರ ಇಂಗ್ಲಿಷಿನದು, ನಡುವೆ ಸೇತುವೆ ಇಲ್ಲ. "ಸಿ ಎ ಸಿ ಓ ತ್ರೀ" ಮಂತ್ರವಾಗುವುದು ಅಲ್ಲೇ.

ಭಾಷೆಯ ವಿಷಯ ಬಂತು, ಸ್ವಲ್ಪ ನಿಲ್ಲುತ್ತೇನೆ. ಸೇಡಂ, ಚಿಂಚೋಳಿ ತೆಲಂಗಾಣದ ಗಡಿಗೆ ತಾಗಿದ ಊರುಗಳು. ಒಂದು ಓಣಿಯ ಗುಂಪಿನಲ್ಲಿ ಮನೆಯಲ್ಲಿ ಕನ್ನಡ ಆಡುವವರು, ಉರ್ದು ಆಡುವವರು, ತೆಲುಗು ಆಡುವವರು, ತಾಂಡಾದ ಲಂಬಾಣಿ ಆಡುವವರು ಕೂಡುತ್ತಾರೆ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಕನ್ನಡವೂ ಅಲ್ಲ. ಪ್ರತ್ಯಾಮ್ಲ, ಬಹಿರುಷ್ಣಕ, ಸ್ಥಾನಪಲ್ಲಟ: ಈ ಪದಗಳನ್ನು ಯಾರಾದರೂ ಬಿಡಿಸಿ ಹೇಳಲೇಬೇಕು. ಲೀಡರ್ ಓದಿ ಉಳಿದವರು ಹೇಳುವ ಗುಂಪಿನಲ್ಲಿ ಪದ ಹಾಗೇ ಮುದ್ದೆಯಾಗಿ ಬಾಯಿಂದ ಬಾಯಿಗೆ ಹೋಗುತ್ತದೆ. ಹರಟುವ ಗುಂಪಿನಲ್ಲಿ ಅದು ಒಡೆಯುತ್ತದೆ. ನೀರು ಬಿದ್ದ ಸುಟ್ಟಸುಣ್ಣಕ್ಕೆ ಕನ್ನಡ ಹೇಳುವುದು "ಅರಳಿದ ಸುಣ್ಣ". ಉರ್ದುವಿನಲ್ಲಿ ಅದೇ ವಸ್ತು "ಬುಝಾ ಹುವಾ ಚೂನಾ", ಎಂದರೆ ಆರಿದ ಸುಣ್ಣ, ಬೆಂಕಿ ಆರುತ್ತದಲ್ಲ ಹಾಗೆ ಆರಿದ್ದು. ಒಂದು ಭಾಷೆ ಕಣ್ಣಿಗೆ ಕಂಡದ್ದನ್ನು ಹೇಳಿತು: ಗಟ್ಟಿ ಹೆಂಟೆ ನೀರು ಕುಡಿದು ಉಬ್ಬಿ, ಬಿರಿದು, ಪುಡಿಯಾಗಿ ಹೂವಿನಂತೆ ಬಿಚ್ಚಿಕೊಂಡಿತು. ಇನ್ನೊಂದು ಭಾಷೆ ಕೈಗೆ ತಾಗಿದ್ದನ್ನು ಹೇಳಿತು: ಒಳಗೆ ಒಂದು ಉರಿ ಇತ್ತು, ನೀರು ಬಿದ್ದಾಗ ಬುಸ್ಸೆಂದು ಹೊರಬಂತು, ಆಮೇಲೆ ಆರಿತು. ಪುಸ್ತಕದ "ಬಹಿರುಷ್ಣಕ ಕ್ರಿಯೆ" ಎಂಬ ಆರು ಅಂಗುಲದ ಪದದಲ್ಲಿರುವುದು ಆ ಉರ್ದು ಪದದಲ್ಲಿರುವ ಬಿಸಿಯೇ. ಕನ್ನಡದ ಹುಡುಗಿಗೆ ಉಬ್ಬುವುದು ಗೊತ್ತು, ಉರ್ದುವಿನ ಹುಡುಗಿಗೆ ಆರುವುದು ಗೊತ್ತು. ಇಬ್ಬರೂ ಒಂದು ಫರಸಿಯ ಮೇಲೆ ಕೂತು ಇದನ್ನು ಒಮ್ಮೆ ಆಡಿಕೊಂಡರೆ ಕ್ರಿಯೆ ಪೂರ್ತಿ ಆಯಿತು. ಇದನ್ನು ಯಾವ ಟ್ಯೂಷನ್ನಿನಲ್ಲಿ ಹೇಳಿಕೊಡುತ್ತಾರೆ?

ಹಾಗಾದರೆ ಗುಂಪು ಮಾಡಿದ್ದೆಲ್ಲ ಸರಿಯೇ? ಅಲ್ಲ. ಗುಂಪು ಒಟ್ಟಾಗಿ ತಪ್ಪಬಲ್ಲದು, ಮತ್ತು ಒಟ್ಟಾಗಿ ತಪ್ಪಿದಾಗ ಅದಕ್ಕೆ ಭಾರಿ ಧೈರ್ಯ. "ಸಿಮೆಂಟ್ ಒಣಗಿ ಗಟ್ಟಿ ಆಗ್ತದ" ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ತಲೆಯಾಡಿಸುತ್ತಾರೆ, ದೊಡ್ಡವರೂ ಸೇರಿ. ಅದು ತಪ್ಪು. ಸಿಮೆಂಟ್ ನೀರನ್ನು ಕಳೆದುಕೊಂಡು ಗಟ್ಟಿಯಾಗುವುದಿಲ್ಲ, ನೀರಿನೊಡನೆ ಕ್ರಿಯೆ ನಡೆಸಿ ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಸೊರಗಿ ಬಿರುಕು ಬಿಡುತ್ತದೆ. ಈ ತಪ್ಪನ್ನು ಒಡೆಯುವವರು ಯಾರು? ಗುಂಪಿನ ಜಾಣ ಹುಡುಗ ಅಲ್ಲ, ಅವನೂ ಒಣಗುತ್ತದೆಂದೇ ನಂಬಿದ್ದಾನೆ. ಒಡೆಯುವವನು ಗೌಂಡಿಯ ಮಗ: "ಒಣಗೋದಾದ್ರ ನಮ್ಮಪ್ಪ ಏಳು ದಿನ ಗೋಡಿಗಿ ನೀರು ಯಾಕ ಹೊಡಿತಾನ?" ಕಳೆದ ಕಿರುಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕ ಎಷ್ಟೇ ಇರಲಿ, ಆ ಸಂಜೆಯ ಮೇಷ್ಟ್ರು ಅವನೇ. ಲೀಡರ್ ಇಟ್ಟು ನಡೆಸುವ ಗುಂಪಿನಲ್ಲಿ ಅವನ ಕೆಲಸ ಬಾಯಿ ಮುಚ್ಚಿಕೊಂಡು ಕೇಳುವುದು.

ಜಾಣನಿಲ್ಲದ ಗುಂಪು ಕುರುಡರ ಗುಂಪು ಎಂಬ ನಂಬಿಕೆಯನ್ನು ಪರೀಕ್ಷೆಗಿಟ್ಟು ನೋಡಿದವರಿದ್ದಾರೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರದ ತರಗತಿಯಲ್ಲಿ ಒಂದು ಪ್ರಶ್ನೆ ಕೊಟ್ಟು, ಒಬ್ಬೊಬ್ಬರೇ ಉತ್ತರಿಸಿದ ಮೇಲೆ ಅಕ್ಕಪಕ್ಕದವರೊಡನೆ ಚರ್ಚಿಸಲು ಬಿಟ್ಟು, ಅನಂತರ ಅದೇ ತತ್ತ್ವದ ಹೊಸ ಪ್ರಶ್ನೆಯನ್ನು ಒಬ್ಬೊಬ್ಬರಿಗೇ ಕೊಟ್ಟರು. 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಆ ವರದಿಯ ಸಾರ ಇಷ್ಟು: ಚರ್ಚೆಯ ನಂತರ ಹೊಸ ಪ್ರಶ್ನೆಗೂ ಉತ್ತರ ಸುಧಾರಿಸಿತು, ಮೊದಲಿಗೆ ಗುಂಪಿನಲ್ಲಿ ಯಾರಿಗೂ ಸರಿ ಉತ್ತರ ಗೊತ್ತಿರದಿದ್ದಾಗಲೂ. ಎಂದರೆ ಉತ್ತರ ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಸುರಿದದ್ದಲ್ಲ. ಮಾತಿನಲ್ಲೇ ಹುಟ್ಟಿದ್ದು. ಕೂಡಿ ಕೂತು ನೆನಪಿಸಿಕೊಳ್ಳುವುದರ ಮೇಲೂ ಸಂಶೋಧನೆ ಇದೆ, ಅದರ ಫಲಿತಾಂಶ ಮೇಷ್ಟ್ರಿಗೆ ಹಿಡಿಸಲಾರದು. ವೆಲ್ಡನ್ ಮತ್ತು ಬೆಲಿಂಜರ್ ಎಂಬ ಮನೋವಿಜ್ಞಾನಿಗಳು 1997ರಲ್ಲಿ ತೋರಿಸಿದಂತೆ, ಮೂವರು ಕೂಡಿ ಕೂತು ಒಂದು ಪಟ್ಟಿಯನ್ನು ನೆನಪಿಸಿಕೊಂಡರೆ, ಅದೇ ಮೂವರು ಬೇರೆ ಬೇರೆ ಕೂತು ನೆನಪಿಸಿಕೊಂಡು ಆಮೇಲೆ ಕೂಡಿಸಿದ್ದಕ್ಕಿಂತ ಕಡಿಮೆ ಹೊರಬರುತ್ತದೆ. ಒಬ್ಬನ ಸಾಲು ಇನ್ನೊಬ್ಬನ ನೆನಪಿನ ದಾರಿಗೆ ಅಡ್ಡ ಬೀಳುತ್ತದೆ. ಹಾಗಾಗಿ ತಾಯಿಗೆ ಒಂದು ಮಾತು ಒಪ್ಪಿಕೊಡುತ್ತೇನೆ: ಬಾಯಿಪಾಠ ಮಾಡಬೇಕಾದದ್ದನ್ನು ನಸುಕಿನಲ್ಲಿ ಒಬ್ಬನೇ ಮಾಡಲಿ. ಕ್ರಿಯಾಪಟುತ್ವ ಶ್ರೇಣಿ, ವೇಲೆನ್ಸಿ, ಮೀಥೇನ್ ಈಥೇನ್ ಪ್ರೋಪೇನ್ ಇವಕ್ಕೆ ಗುಂಪು ಬೇಡ. ಗುಂಪು ಬೇಕಾಗಿರುವುದು ಗೊತ್ತಿಲ್ಲದ್ದಕ್ಕೆ. ನಾವೋ ಗೊತ್ತಿರುವುದನ್ನು ಒಪ್ಪಿಸಲು ಗುಂಪು ಕಟ್ಟಿದೆವು, ಗೊತ್ತಿಲ್ಲದ್ದರ ಜೊತೆ ಹುಡುಗನನ್ನು ಒಂಟಿ ಬಿಟ್ಟೆವು.

ಒಂಟಿ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಬರ್ಕ್‌ಲಿಯ ಒಂದು ಕಥೆ ಇದೆ. ಇಲ್ಲಿಗೂ ಅಲ್ಲಿಗೂ ಏನು ಸಂಬಂಧ ಎನ್ನಬೇಡಿ, ಕೇಳಿದ ಮೇಲೆ ತೀರ್ಮಾನಿಸಿ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ತರುಣ ಗಣಿತಜ್ಞ, ಕಪ್ಪು ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಯಾಕೆ ಅಷ್ಟು ಸೋಲುತ್ತಿದ್ದಾರೆಂದು ಅಧ್ಯಾಪಕರನ್ನು ಕೇಳಿದ. ಬಂದ ಉತ್ತರಗಳು ನಮಗೆ ಚಿರಪರಿಚಿತ: ಓದುವ ಛಲ ಇಲ್ಲ, ಹಿಂದಿನ ಬುನಾದಿ ಇಲ್ಲ, ಮನೆಯಲ್ಲಿ ಪ್ರೋತ್ಸಾಹ ಇಲ್ಲ, ಬಡತನ. ಟ್ರೈಸ್‌ಮನ್ ಆ ವಿದ್ಯಾರ್ಥಿಗಳ ಹಿಂದೆಯೇ ಓಡಾಡಿ, ಅವರು ಓದುವುದನ್ನು ಪಕ್ಕದಲ್ಲಿ ಕೂತು ನೋಡಿದ. ಈ ಕಾರಣಗಳು ಯಾವುವೂ ನಿಲ್ಲಲಿಲ್ಲ. ಛಲ ಇತ್ತು, ಮನೆಯವರ ಆಸೆಯೂ ಇತ್ತು. ಶಿಕ್ಷಕರು ಹೇಳಿದಷ್ಟು ಗಂಟೆ ಅವರು ಪ್ರಾಮಾಣಿಕವಾಗಿ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಗೆಲ್ಲುತ್ತಿದ್ದ ಚೀನಾ ಮೂಲದ ವಿದ್ಯಾರ್ಥಿಗಳು ಒಂಟಿಯಾಗಿ ಓದಿದ ಮೇಲೆ ಸಂಜೆ ಕೂಡುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು, ಲೋಕದ ಮಾತು ಆಡುತ್ತ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಪ್ರಾಧ್ಯಾಪಕರು ಏನು ಕೇಳುತ್ತಾರೆ, ಎಲ್ಲಿ ಎಲ್ಲರೂ ಎಡವಿದ್ದಾರೆ ಎಂಬುದೆಲ್ಲ ಆ ಹರಟೆಯಲ್ಲೇ ಗೊತ್ತಾಗುತ್ತಿತ್ತು. ಒಂಟಿ ಓದಿದವನಿಗೆ ತಾನು ಎಡವಿದ್ದು ತನ್ನೊಬ್ಬನ ದಡ್ಡತನ ಎಂದು ತೋರುತ್ತಿತ್ತು. ಟ್ರೈಸ್‌ಮನ್ ಮುಂದೆ ಏನು ಮಾಡಿದ ಎಂಬುದೇ ನನಗೆ ಮುಖ್ಯ. ಅವನು ಈ ವಿದ್ಯಾರ್ಥಿಗಳಿಗೆ ಸುಲಭದ ಪ್ಯಾಕೇಜ್ ಕೊಡಲಿಲ್ಲ. ಗುಂಪು ಕಟ್ಟಿ, ಪಠ್ಯದಲ್ಲಿರುವುದಕ್ಕಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟ. ಸುಲಭದ ಲೆಕ್ಕಕ್ಕೆ ಮಾತು ಬೇಕಾಗುವುದಿಲ್ಲ. ಕಠಿಣದ್ದಕ್ಕೆ ಬೇಕು. ಅವರು ಗೆದ್ದರು.

ಬರ್ಕ್‌ಲಿ ವಾಡಿಯಲ್ಲ, ಒಪ್ಪಿದೆ. ಅಲ್ಲಿನವರು ಆಯ್ಕೆಯಾಗಿ ಬಂದ ವಿದ್ಯಾರ್ಥಿಗಳು. ಇಲ್ಲಿ ಕೆಲವರಿಗೆ ಓದಿನ ವೇಗವೇ ಕುದುರಿರುವುದಿಲ್ಲ, ಕೆಲವರು ತೊಗರಿ ರಾಶಿಯ ದಿನಗಳಲ್ಲಿ ಶಾಲೆ ಬಿಟ್ಟು ಹೊಲಕ್ಕೆ ಹೋಗಿರುತ್ತಾರೆ, ಕೆಲವು ಕುಟುಂಬಗಳು ದುಡಿಮೆಗೆ ಹೈದರಾಬಾದ್, ಮುಂಬೈ ಸೇರಿ ಮಗುವನ್ನು ಅಜ್ಜಿಯ ಬಳಿ ಬಿಟ್ಟಿರುತ್ತವೆ. ಶಿಕ್ಷಕರ ಕೊರತೆಯನ್ನು ಹರಟೆ ತುಂಬುವುದಿಲ್ಲ, ಆ ಹೊಣೆಯನ್ನು ಮಕ್ಕಳ ಗುಂಪಿನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಪಾಸಾದರೆ ಸಾಕು ಎಂದು ಪಾಠವನ್ನು ತೆಳ್ಳಗೆ ಮಾಡುತ್ತಾ ಹೋದಷ್ಟೂ ಗುಂಪಿನಲ್ಲಿ ಆಡುವುದಕ್ಕೆ ಏನೂ ಉಳಿಯುವುದಿಲ್ಲ, ಆಗ ಅದು ನಿಜವಾಗಿಯೂ ಬರೀ ಹರಟೆಯಾಗುತ್ತದೆ, ಕ್ರಿಕೆಟ್ಟು, ಮೊಬೈಲು, ರೀಲ್ಸು. ತಾಯಿ ಕಂಡದ್ದು ಸುಳ್ಳಲ್ಲ. ಕಾರಣವನ್ನು ಮಾತ್ರ ಅವಳು ಮಕ್ಕಳಲ್ಲಿ ಹುಡುಕುತ್ತಾಳೆ, ನಾನು ಪ್ಯಾಕೇಜಿನಲ್ಲಿ ಹುಡುಕುತ್ತೇನೆ.

ಹರಟೆಗೆ ಎರಡು ಕಟ್ಟು ಬೇಕು, ಅದನ್ನೂ ಹೇಳಬೇಕು. ನಡುವೆ ಪಠ್ಯಪುಸ್ತಕ ಬಿಚ್ಚಿರಬೇಕು, ಪ್ಯಾಕೇಜ್ ಅಲ್ಲ, ಪುಸ್ತಕ. ಒಣಗುವ ಸಿಮೆಂಟಿನಂಥ ತಪ್ಪು ಒಪ್ಪಂದವಾಗಿ ಕೂತಾಗ ಕೇಳುವುದಕ್ಕೆ ಮರುದಿನ ಒಬ್ಬ ಮೇಷ್ಟ್ರು ಇರಬೇಕು. ಇನ್ನೊಂದು ಎಚ್ಚರಿಕೆ. ಫರಸಿಯ ಮೇಲೆ ನಿಂಬೆರಸ ಹಿಂಡಿ ಮಂಕಾದ ಕಲೆ ನೋಡುವುದು ಸರಿ, ಅಜ್ಜಿಯ ಎಲೆಡಿಕೆ ಚೀಲದ ಸುಣ್ಣಕ್ಕೆ ಅರಿಶಿನ ತಾಗಿಸಿ ಕೆಂಪು ಮಾಡುವುದೂ ಸರಿ, ಆಮ್ಲ ಪ್ರತ್ಯಾಮ್ಲದ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಆದರೆ ಸುಟ್ಟಸುಣ್ಣದ ಹೆಂಟೆಗೆ ನೀರು ಹಾಕುವ ಪ್ರಯೋಗ, ಪಾಯಖಾನೆ ತೊಳೆಯುವ ಆ್ಯಸಿಡ್ಡಿನ ಪ್ರಯೋಗ ಮಾಳಿಗೆಯ ಮೇಲೆ ಬೇಡ. ಸಿಡಿದ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಅದಕ್ಕೆ ಶಾಲೆಯ ಪ್ರಯೋಗಾಲಯ ಇರಬೇಕು, ಅದರ ಬೀರು ತೆಗೆದಿರಬೇಕು.

ಇಷ್ಟು ಹೊತ್ತೂ ಮಾಳಿಗೆಯ ಮೇಲೆ ಹುಡುಗರನ್ನೇ ಕೂಡಿಸಿ ಮಾತಾಡಿದೆ. ಹುಡುಗಿಯರು? ಹರಟೆ ಎಂಬ ಬೈಗುಳ ಅತಿ ಭಾರವಾಗಿ ಬೀಳುವುದು ಅವರ ಮೇಲೆ. ಹುಡುಗ ರಾತ್ರಿ ಒಂಬತ್ತಕ್ಕೆ ಬಂದರೆ ತಾಯಿ ಗೊಣಗುತ್ತಾಳೆ, ಹುಡುಗಿಗೆ ಸಂಜೆ ಆರರ ಮೇಲೆ ಓಣಿಯೇ ಇಲ್ಲ. ನಾನು ಅರಳುವ ಸುಣ್ಣ, ಆರುವ ಸುಣ್ಣ ಎಂದು ಬರೆದ ಆ ಇಬ್ಬರು ಹುಡುಗಿಯರು ಶಾಲೆ ಬಿಟ್ಟ ಮೇಲೆ ಒಂದು ಫರಸಿಯ ಮೇಲೆ ಕೂಡುವ ಸಾಧ್ಯತೆ ಎಷ್ಟು? ಹಾಸ್ಟೆಲ್ಲಿನಲ್ಲಿ ಉಂಟು. ಕಸ್ತೂರಬಾ ಶಾಲೆಗಳಲ್ಲಿ, ಮೊರಾರ್ಜಿ ಶಾಲೆಗಳಲ್ಲಿ ಸಂಜೆಯ ಊಟದ ನಂತರದ ಒಂದು ಗಂಟೆ ಅವರದು, ಅಲ್ಲಿಯೂ "ಸೈಲೆನ್ಸ್" ಎಂಬ ಕೂಗು ಬೀಳದಿದ್ದರೆ. ಮನೆಯಿಂದ ಬರುವ ಹುಡುಗಿಗೆ ಶಾಲೆಯ ಪಡಸಾಲೆ ಒಂದೇ ದಾರಿ: ಗಂಟೆ ಹೊಡೆದ ಮೇಲೆ ಒಂದು ತಾಸು, ದೀಪ ಇದ್ದು, ಗೇಟಿನಲ್ಲಿ ಒಬ್ಬರು ಆಯಾ ಇದ್ದು. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು ಬೇಕಾಗಿಲ್ಲ. ಕೀಲಿ ಬೇಕು.

ಕೀಲಿಯ ಮಾತಿಗೆ ಚಿತ್ತಾಪುರದ ಪಕ್ಕದ ನಾಗಾವಿ ನೆನಪಾಗುತ್ತದೆ. ಅಲ್ಲಿದ್ದ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದ 1058ರ ಶಾಸನ ವೇದ ಓದುವ 200, ಶಾಸ್ತ್ರ ಓದುವ 52 ವಿದ್ಯಾರ್ಥಿಗಳ ಲೆಕ್ಕ ಕೊಡುತ್ತದೆ. ಅವರಿಗೆ ಉಪಾಧ್ಯಾಯರು ಆರು ಮಂದಿ. ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರೂ ಆರು ಮಂದಿ! ಕಲಿಸುವವರಿಗೆ ಸರಿಸಮನಾಗಿ ಪುಸ್ತಕ ತೆಗೆದುಕೊಡುವವರು. ಅಲ್ಲಿ ಯಾರಿಗೆ ಪ್ರವೇಶ ಇತ್ತು, ಯಾರಿಗೆ ಇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ, ಆ ಕಾಲವನ್ನು ಹೊಗಳಲು ನಾನು ಹೊರಟಿಲ್ಲ. ಆದರೆ ಶಾಸ್ತ್ರ ಎಂದರೆ ವಾದ ಮಾಡಿ ಕಲಿಯುವುದು, ವಾದಕ್ಕೆ ಪುಸ್ತಕ ಕೈಗೆ ಸಿಗಬೇಕು ಎಂಬುದು ಅವರಿಗೆ ತಿಳಿದಿತ್ತು. ನಾಗಾವಿಯ ಅರವತ್ತು ಕಂಬದ ಗುಡಿಯ ಕಲ್ಲುಗಳು ಇನ್ನೂ ನಿಂತಿವೆ. ನಮ್ಮ ಎಷ್ಟೋ ಪ್ರೌಢಶಾಲೆಗಳ ಗ್ರಂಥಾಲಯ ಹೆಡ್‌ಮಾಸ್ತರರ ಕೋಣೆಯ ಕಬ್ಬಿಣದ ಬೀರುವಿನಲ್ಲಿದೆ.

ಪರೀಕ್ಷೆ ಬರುವುದು ಯುಗಾದಿಯ ಆಸುಪಾಸಿನಲ್ಲಿ. ಹಬ್ಬಕ್ಕೆ ಇನ್ನೂ ಸುಣ್ಣ ಹೊಡೆಯುವ ಮನೆಗಳಿವೆ. ಅಂಥದೊಂದು ಮನೆಯ ಹೊಸ ಸುಣ್ಣದ ಗೋಡೆಗೆ ಒರಗಿ, ಬೆನ್ನು ಬೆಳ್ಳಗೆ ಮಾಡಿಕೊಂಡು, ಆ ನಾಲ್ವರು ಪುಸ್ತಕದ ಒಂದು ಪ್ರಶ್ನೆಗೆ ಬಂದಿದ್ದಾರೆಂದುಕೊಳ್ಳಿ. ಸುಣ್ಣ ಬಳಿದ ಗೋಡೆ ಎರಡು ಮೂರು ದಿನಗಳ ನಂತರ ಹೊಳೆಯುವುದೇಕೆ?

"ಒಣಗಿ."

"ಮತ್ತ ಒಣಗೋದು ಅಂತೀ? ಸಿಮೆಂಟಿನ್ಯಾಗೂ ಹಂಗೇ ಅಂದಿದ್ದಿ."

"ಬುಕ್ ನೋಡು. ಅರಳಿದ ಸುಣ್ಣ ಗಾಳ್ಯಾಗಿಂದು ಸಿ ಓ ಟೂ ತೊಗೊಂಡು ಮತ್ತ ಸಿ ಎ ಸಿ ಓ ತ್ರೀ ಆಗ್ತದಂತ. ತೆಳ್ಳನ ಪದರು. ಅದಕ್ಕ ಹೊಳಿತದ."

"ಸಿ ಎ ಸಿ ಓ ತ್ರೀ ಅಂದ್ರ ಕಲ್ಲೇ ಅಲ್ಲೇನು?"

"ಕಲ್ಲೇ."

"ಹಂಗಾರ ಕಿಲ್ನಿನ್ಯಾಗ ಹೋಗಿತ್ತಲ್ಲ ನಲವತ್ನಾಕು..."

ಒಬ್ಬ ತಿರುಗಿ ಗೋಡೆ ಮುಟ್ಟಿ ನೋಡಿದ. ಕೈಗೆ ಇನ್ನೂ ಬಿಳಿ ಹತ್ತುತ್ತಿತ್ತು.

"ನಾಡಿದ್ದು ಬಂದು ನೋಡೂಣು," ಎಂದ.